ಎಲ್ಲೂರಿನ ಮಾವನ ಹಲ್ಲು ನೋಡಿದ ಡಾಕ್ಟ್ರಮ್ಮ

ಡಾಕ್ಟ್ರಮ್ಮನ ಮೇಜಿನ ಮೇಲೆ ಯಾವಾಗಲೂ ಒಂದು ಸ್ಟೀಲ್ ಲೋಟದಲ್ಲಿ ಬಿಸಿನೀರು ಇರುತ್ತಿತ್ತು. ಕುಡಿಯಲಿಕ್ಕಲ್ಲ. ಅವರ ಕೈಗಳು ಸುಡು ಬೇಸಗೆಯಲ್ಲೂ ತಣ್ಣಗೆ ಕೊರೆಯುತ್ತಿದ್ದವು. ಮಗುವಿನ ಹೊಟ್ಟೆ ಮುಟ್ಟುವ ಮೊದಲು ಆ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಸ್ವಲ್ಪ ಹೊತ್ತು ಕೂರುತ್ತಿದ್ದರು. ಉದ್ದ ಬೆರಳು, ದಪ್ಪ ಗಂಟು, ಬುಡಕ್ಕೆ ಕತ್ತರಿಸಿದ ಉಗುರು. ಒಂದೇ ಒಂದು ತೆಳ್ಳಗಿನ ಬಳೆ, ಅದೂ ಕೆಲಸ ಸುರುವಾದರೆ ಡ್ರಾಯರಿನೊಳಗೆ. ನೀರು ಆರಿದರೆ ಕ್ಲಿನಿಕ್ಕಿನ ಹೆಂಗಸು ಹೇಳದೆಯೇ ಬಂದು ಬದಲಾಯಿಸಿ ಹೋಗುತ್ತಿದ್ದಳು. ಮಕ್ಕಳು ಅಳುವುದು ಸೂಜಿಗೆ ಹೆದರಿ ಎಂದು ನಾವೆಲ್ಲ ತಿಳಿದದ್ದು, ಅವರ ಪ್ರಕಾರ ಅರ್ಧಕ್ಕರ್ಧ ಮಕ್ಕಳು ಅಳುವುದು ತಣ್ಣನೆಯ ಕೈಗೆ.

ಇನ್ನೊಂದು ಅಭ್ಯಾಸ ಕಣ್ಣು ಮುಚ್ಚುವುದು. ನಾವು ಮಾತು ಸುರು ಮಾಡಿದ ಕೂಡಲೇ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಬಿಡುತ್ತಿದ್ದರು. ಕಾಪು ಪೇಟೆಯಲ್ಲಿ ಅವರಿಗೆ ‘ನಿದ್ದೆ ಡಾಕ್ಟ್ರು’ ಎಂದೇ ಹೆಸರು. ಮಣಿಪಾಲದಲ್ಲಿ ಆಯುಷ್ಯದ ಮುಕ್ಕಾಲು ಪಾಲು ಮಕ್ಕಳನ್ನು ನೋಡಿ, ಊರೂರಿನಿಂದ ಬಂದ ಹುಡುಗ ಹುಡುಗಿಯರಿಗೆ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕ್ಲಿನಿಕ್ ಇಟ್ಟಿದ್ದರು. ಮದುವೆಯಾದವರಲ್ಲ, ತಮ್ಮನ ಮನೆಯಲ್ಲಿ ವಾಸ. ಮನೆಯಲ್ಲಿ ಕೊಂಕಣಿ, ನಮ್ಮಂಥವರ ಹತ್ತಿರ ತುಳು, ಹೊರಗಿನವರ ಹತ್ತಿರ ಕನ್ನಡ. ಮೆಟ್ಟಿಲು ಹತ್ತಿ ಬಂದವರೇ ರೋಗಿಗಳ ಬೆಂಚಿನಲ್ಲಿ ನಮ್ಮ ಪಕ್ಕವೇ ಕೂತು, ಉಸಿರು ತಿರುಗಿದ ಮೇಲೆ ಎದ್ದು ಒಳಗೆ ಹೋಗುತ್ತಿದ್ದರು. ಅವರು ಉತ್ಸಾಹದಲ್ಲಿ ಇದ್ದದ್ದನ್ನು ನಾನು ನೋಡಿಯೇ ಇಲ್ಲ. ಸುಳ್ಳು ಧೈರ್ಯ ಹೇಳುವುದಕ್ಕೂ ತ್ರಾಣ ಬೇಕಲ್ಲ, ಅದು ಅವರಲ್ಲಿ ಉಳಿದಿರಲಿಲ್ಲ. ‘ಏನೂ ಆಗುವುದಿಲ್ಲಮ್ಮ’ ಎಂಬ ಮಾತು ಅವರ ಬಾಯಿಂದ ಒಮ್ಮೆಯೂ ಬಂದದ್ದಿಲ್ಲ. ಅವರು ಹೇಳುತ್ತಿದ್ದದ್ದು ಒಂದೇ, ‘ನೋಡುವ.’

ನಾನು ಅವರಲ್ಲಿಗೆ ಹೋದಾಗ ನನ್ನಲ್ಲೂ ತ್ರಾಣ ಉಳಿದಿರಲಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನನ್ನ ಗಂಡ ನನ್ನ ಸೋದರಮಾವನ ಮಗ. ಕಾರ್ಕಳದ ನನ್ನ ಅಮ್ಮ, ಕಾಪುವಿನ ನನ್ನ ಮಾವ ಇಬ್ಬರೂ ಅಕ್ಕ ತಮ್ಮ. ನಮ್ಮ ಕಡೆ ಇದು ವಾಡಿಕೆ. ಹುಟ್ಟಿದಂದೇ ಇಂಥವಳು ಇಂಥವನಿಗೆ ಎಂದು ನಗಾಡುತ್ತಾರೆ, ಮತ್ತೆ ಒಂದು ದಿನ ನಿಜವಾಗಿಯೂ ಮದುವೆ ಮಾಡಿಬಿಡುತ್ತಾರೆ. ಗಂಡನಿಗೆ ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನಲ್ಲಿ ಬಾಳೆಹಣ್ಣಿನ ವ್ಯಾಪಾರ. ಮಾವ ಮದುವೆಗೆ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿ ಅತ್ತೆ, ನಾವಿಬ್ಬರು, ಮತ್ತೆ ಹುಟ್ಟಿದವಳು ಪುಟ್ಟಿ.

ಪುಟ್ಟಿ ಆರು ತಿಂಗಳವರೆಗೆ ಗುಂಡುಗುಂಡಾಗಿ ಬೆಳೆದಳು. ಹಾಲು ಕುಡಿದು ಮಲಗುವುದು, ಎದ್ದು ನಗುವುದು. ಆರು ತುಂಬಿದ ಮೇಲೆ ಎಲ್ಲ ಮನೆಯವರು ಮಾಡುವ ಹಾಗೆ ಅತ್ತೆ ರಾಗಿ ನೆನೆಸಿ, ಅರೆದು, ಹಾಲು ತೆಗೆದು, ಬೆಲ್ಲ ಹಾಕಿ ಮಣ್ಣಿ ಕಾಯಿಸಿದರು. ಗಂಡ ಯಾರ್ಡಿನಿಂದ ಆರಿಸಿದ ನೇಂದ್ರ ಬಾಳೆಹಣ್ಣು ತಂದ. ಅದನ್ನು ಬೇಯಿಸಿ ಹಿಸುಕಿ ಕೊಟ್ಟೆವು. ವಾರ ಕಳೆಯುವುದರೊಳಗೆ ಮಗುವಿಗೆ ವಾಂತಿ. ಮಣ್ಣಿ ತಿಂದು ಸ್ವಲ್ಪ ಹೊತ್ತಿಗೆ ಮೈ ಬೆವರಿ ತಣ್ಣಗಾಗುವುದು, ಕುತ್ತಿಗೆ ಬಿದ್ದುಹೋಗುವುದು, ಕರೆದರೆ ಕಣ್ಣು ತೆರೆಯದೆ ಇರುವುದು. ಹೊಟ್ಟೆ ಮಾತ್ರ ಉಬ್ಬುತ್ತ ಬಂತು. ಕಣ್ಣಿನ ಬಿಳಿ ಹಳದಿಯಾಯಿತು. ಮಗು ಸೊರಗಿತೆಂದು ಅತ್ತೆ ಬೆಲ್ಲ ಒಂದು ತುಂಡು ಹೆಚ್ಚೇ ಹಾಕಿದರು. ತಲೆ ತಿರುಗಿಸಿಕೊಂಡರೆ ಹಟ ಎಂದು ಕೈಕಾಲು ಹಿಡಿದು ಕುಡಿಸಿದೆವು. ಸುಸ್ತಾಗಿ ಬಿದ್ದರೆ ಸಕ್ಕರೆ ನೀರು. ಯಾವ ಮನೆಯಲ್ಲಾದರೂ ಅದೇ ಅಲ್ವಾ ಕೊಡುವುದು?

ಆಸ್ಪತ್ರೆಗೆ ಸೇರಿಸಿದರೆ ಡ್ರಿಪ್ ಹಾಕುತ್ತಿದ್ದರು, ಎದೆಹಾಲು ಬಿಟ್ಟು ಬಾಯಿಗೆ ಬೇರೇನೂ ಬೇಡ ಎನ್ನುತ್ತಿದ್ದರು, ಮೂರನೆಯ ದಿನಕ್ಕೆ ಮಗು ಎದ್ದು ಕೂರುತ್ತಿತ್ತು. ನಗುತ್ತಿತ್ತು ಸಹ. ಟಾನಿಕ್ ಬಾಟಲಿ ಹಿಡಿದುಕೊಂಡು ಮನೆಗೆ ಬಂದರೆ ವಾರದೊಳಗೆ ಮತ್ತೆ ಅದೇ ಕತೆ. ಒಂದು ಆಸ್ಪತ್ರೆ, ಮತ್ತೊಂದು, ಪುನಃ ಮೊದಲಿನದು. ಆ ಡಾಕ್ಟರುಗಳನ್ನು ನಾನು ದೂರುವುದಿಲ್ಲ. ಅವರ ಕಣ್ಣೆದುರು ಮಗು ಚೇತರಿಸಿಕೊಳ್ಳುತ್ತಿತ್ತು, ಅವರಾದರೂ ಎಂತ ಹೇಳಬೇಕು? ಕಾಮಾಲೆ ಅಂದರು, ಸೋಂಕು ಅಂದರು, ಲಿವರ್ ದೊಡ್ಡದಾಗಿದೆ ಅಂದರು. ಆದರೆ ಊರಿನವರಿಗೆ ಸಂಶಯವೇ ಇರಲಿಲ್ಲ. ಆಸ್ಪತ್ರೆಯಲ್ಲಿ ಹುಷಾರಾಗಿ ಮನೆಯಲ್ಲಿ ಬೀಳುತ್ತದೆ ಎಂದಾದರೆ ತೊಂದರೆ ಮನೆಯಲ್ಲೇ ಉಂಟು ಎಂದು ತೀರ್ಮಾನವಾಯಿತು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಎಲ್ಲೂರಿನ ದೇವರಿಗೆ ಸೀಯಾಳದ ಅಭಿಷೇಕ ಮಾಡಿಸಿ, ಪ್ರಸಾದದ ಆ ಎಳನೀರನ್ನು ಅತ್ತೆ ಚಮಚದಲ್ಲಿ ಮಗುವಿನ ಬಾಯಿಗೆ ಬಿಟ್ಟರು. ಅಂಗಳ ದಾಟುವುದರೊಳಗೆ ವಾಂತಿ. ಅತ್ತೆ ಕಾರಿನಲ್ಲಿ ಉದ್ದಕ್ಕೂ ಅಳುತ್ತ ಬಂದರು; ದೇವರೇ ಬೇಡ ಅಂದ ಮೇಲೆ ಇನ್ನು ಯಾರಲ್ಲಿ ಕೇಳುವುದು ಎಂದು. ನನಗೆ ಅಳುವಷ್ಟು ಶಕ್ತಿಯೂ ಇರಲಿಲ್ಲ, ಮಗುವಿನ ಬಾಯಿ ಒರೆಸಿ ಒರೆಸಿ ಸೆರಗು ಒದ್ದೆಯಾಗಿತ್ತು.

ಪಕ್ಕದ ಮನೆಯ ಹೆಂಗಸು ಹೇಳಿದ್ದಕ್ಕೆ ನಿದ್ದೆ ಡಾಕ್ಟ್ರಲ್ಲಿಗೆ ಹೋದೆ. ಹೋಗುವಾಗಲೇ ನನಗೆ ನಂಬಿಕೆ ಇರಲಿಲ್ಲ. ರಿಪೋರ್ಟುಗಳ ದಪ್ಪ ಕಟ್ಟನ್ನು ಮೇಜಿನ ಮೇಲೆ ಇಟ್ಟರೆ ಅವರು ಅದನ್ನು ಬದಿಗೆ ಸರಿಸಿದರು. ಲೋಟ ಹಿಡಿದು ಕೈ ಬಿಸಿ ಮಾಡಿಕೊಂಡರು, ಪುಟ್ಟಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ತುಂಬ ಹೊತ್ತು ಹಾಗೆಯೇ ಬಿಟ್ಟರು. ಮತ್ತೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

“ನಿನ್ನೆ ಬೆಳಿಗ್ಗೆ ಎದ್ದಲ್ಲಿಂದ ಹೇಳು,” ಎಂದರು.

ಕಾಯಿಲೆ ಯಾವಾಗ ಸುರುವಾಯಿತು, ಯಾವ ಮದ್ದು ಕೊಟ್ಟಿರಿ ಎಂದು ಕೇಳಿದರೆ ನನ್ನಲ್ಲಿ ಉತ್ತರ ಬಾಯಿಪಾಠ ಇತ್ತು, ಅಷ್ಟು ಸಲ ಒಪ್ಪಿಸಿದ್ದೆ. ನಿನ್ನೆ ಬೆಳಿಗ್ಗೆಯಿಂದ ಎಂದರೆ ಎಲ್ಲಿಂದ ಹೇಳುವುದು? ಎದ್ದೆ, ಹಾಲು ಕೊಟ್ಟೆ, ಬಟ್ಟೆ ಒಗೆದೆ, ಅತ್ತೆ ಮಣ್ಣಿ ಮಾಡಿದರು ಎಂದು ಹೇಳುತ್ತ ಹೋದೆ. ಎಲ್ಲಿಯಾದರೂ ಹಾರಿಸಿದರೆ ಕಣ್ಣು ತೆರೆಯದೆಯೇ “ಅದರ ಮೊದಲು?” ಎಂದು ಹಿಂದಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಮಣ್ಣಿ ಕುಡಿಸಿ ಎಷ್ಟು ಹೊತ್ತಿಗೆ ಬೆವರಿತು, ಬರೀ ಹಾಲು ಕುಡಿದಾಗ ಬೆವರುತ್ತದಾ, ವಾಂತಿಯಾದ ಮೇಲೆ ಬಾಯಿಗೆ ಏನು ಕೊಟ್ಟೆ. ಹೊರಗೆ ಬೆಂಚಿನಲ್ಲಿ ಜನ ಗೊಣಗುತ್ತಿದ್ದರು. ನನಗೂ ಸಾಕಾಗಿತ್ತು. ಕೊನೆಗೆ ಅವರು ಕೇಳಿದರು, ನಿಮ್ಮ ಎರಡೂ ಕಡೆಯವರಲ್ಲಿ ಸಿಹಿ ತಿನ್ನದವರು ಯಾರಾದರೂ ಇದ್ದಾರಾ ಎಂದು.

ಇದ್ದಾರೆ, ಎಲ್ಲೂರಿನ ಮಾವ ಎಂದೆ. ಅವರು ನನ್ನ ಅಮ್ಮನಿಗೂ ತೀರಿಹೋದ ಮಾವನಿಗೂ ಒಬ್ಬನೇ ಸಣ್ಣ ತಮ್ಮ. ಎಲ್ಲೂರಿನಲ್ಲಿ ಒಬ್ಬರೇ ಇರುವವರು. ಆದರೆ ಅದು ಕಾಯಿಲೆ ಎಂತದೂ ಅಲ್ಲ, ಹರಕೆ. ಸಣ್ಣವರಿರುವಾಗಲೇ ದೇವರಿಗೆ ಸಿಹಿ ಬಿಟ್ಟದ್ದು ಎಂದು ವಿವರಿಸಿದೆ. ಮದುವೆ ಮನೆಗಳಲ್ಲಿ ಅವರ ಎಲೆಗೆ ಪಾಯಸ ಬಡಿಸುವುದಿಲ್ಲ ಎಂಬುದು ನಮಗೆಲ್ಲ ಎಷ್ಟು ಅಭ್ಯಾಸವೆಂದರೆ ಅದೊಂದು ವಿಷಯ ಎಂದೇ ನಾವು ತಿಳಿದಿರಲಿಲ್ಲ.

ಡಾಕ್ಟ್ರಮ್ಮ ಕಣ್ಣು ತೆರೆದರು. “ಅವರ ಹಲ್ಲು ಹೇಗೆ ಉಂಟು?”

ನನಗೆ ಮೈಯೆಲ್ಲ ಉರಿದುಹೋಯಿತು. ತೊಡೆಯ ಮೇಲೆ ಮಗು ಬಾಡಿ ಬಿದ್ದಿದೆ, ಈ ಹೆಂಗಸಿಗೆ ಎಲ್ಲೂರಿನ ಮುದುಕನ ಹಲ್ಲು! ಹಲ್ಲು ನೋಡಲು ಹಲ್ಲಿನ ಡಾಕ್ಟ್ರು ಬೇರೆ ಇದ್ದಾರೆ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಆದರೂ ಮುಖದಲ್ಲಿ ಕಂಡಿರಬೇಕು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅವರನ್ನು ನಾಳೆ ಕರೆದುಕೊಂಡು ಬಾ, ಅಲ್ಲಿಯವರೆಗೆ ಮಗುವಿಗೆ ನಿನ್ನ ಹಾಲು ಬಿಟ್ಟು ಬೇರೆ ಒಂದು ಹನಿಯೂ ಬೇಡ, ಸುಸ್ತಾದರೆ ಸಕ್ಕರೆ ನೀರು ಕೊಡಬೇಡ, ನೇರ ಇಲ್ಲಿಗೆ ತಾ ಎಂದು ಎರಡೆರಡು ಸಲ ಹೇಳಿ, ಚೀಟಿಯಲ್ಲಿ ಏನೂ ಬರೆಯದೆ ಕಳಿಸಿದರು. ಮದ್ದು ಬರೆಯದ ಡಾಕ್ಟ್ರನ್ನು ನಮ್ಮ ಮನೆಯಲ್ಲಿ ಯಾರೂ ಡಾಕ್ಟ್ರೆಂದು ಒಪ್ಪುವುದಿಲ್ಲ. ಗಂಡ ಕೇಳಿ ತಲೆ ಚಚ್ಚಿಕೊಂಡ. ಆದರೂ ಮಾರನೆಯ ದಿನ ಎಲ್ಲೂರಿಗೆ ಹೋಗಿ ಮಾವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ.

ಎಲ್ಲೂರಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು, ಯಾರದೋ ಸಂಬಂಧ ನೋಡಲು ಹೊರಟವರ ಹಾಗೆ. ಡಾಕ್ಟ್ರಮ್ಮ ಅವರನ್ನು ಮಕ್ಕಳ ಸ್ಟೂಲಿನಲ್ಲಿ ಕೂರಿಸಿ, ಬಾಯಿ ತೆರೆಸಿ, ಟಾರ್ಚ್ ಬಿಟ್ಟು ಮೇಲಿನ ಸಾಲು ಕೆಳಗಿನ ಸಾಲು ಎಲ್ಲ ನೋಡಿದರು. ಎಲೆಯಡಿಕೆಯ ಕೆಂಪು ಬಿಟ್ಟರೆ ಒಂದು ಹುಳುಕಿಲ್ಲ, ಒಂದು ತೂತಿಲ್ಲ. ಆ ಪ್ರಾಯಕ್ಕೆ ನನ್ನ ಅಮ್ಮನ ಬಾಯಲ್ಲಿ ಅರ್ಧವೂ ಉಳಿದಿರಲಿಲ್ಲ. ಟಾರ್ಚ್ ಆರಿಸಿ, ಹರಕೆ ಯಾವುದಕ್ಕೆ ಹೇಳಿಕೊಂಡದ್ದು ಎಂದು ಕೇಳಿದರು.

ಮಾವ ನಮ್ಮಿಬ್ಬರ ಮುಖ ನೋಡಿದರು. ಮತ್ತೆ ನೆಲ ನೋಡುತ್ತ ಹೇಳಿದರು.

“ಹರಕೆ ಎಂತದೂ ಇಲ್ಲ ಡಾಕ್ಟ್ರೇ. ಸಣ್ಣವನಿರುವಾಗ ಬೆಲ್ಲ ತಿಂದರೆ ಹೊಟ್ಟೆ ಹಿಂಡುತ್ತಿತ್ತು, ಬೆವರಿ ಬೀಳುತ್ತಿದ್ದೆ. ಬೇಡ ಅಂದರೆ ಯಾರು ಕೇಳುತ್ತಾರೆ? ಹೋದಲ್ಲೆಲ್ಲ ಹಿಡಿದು ಬಾಯಿಗೆ ತುರುಕುವುದು. ಅಮ್ಮನಿಗೆ ಸಾಕಾಗಿ, ಇವನಿಗೆ ಹರಕೆ ಉಂಟು, ಸಿಹಿ ಕೊಡಬಾರದು ಅಂತ ಹೇಳಿದಳು. ಮತ್ತೆ ಯಾರೂ ಒತ್ತಾಯ ಮಾಡಲಿಲ್ಲ.”

ಅಯ್ಯೋ ಮಾವ, ಇದನ್ನು ಮೊದಲೇ ಹೇಳಬಾರದಿತ್ತಾ ಎಂದು ನಾನು ಕೂಗಿಯೇ ಬಿಟ್ಟೆ. ಯಾರು ಕೇಳಿದರು ಎಂದರು ಅವರು. ಮಗುವಿಗೆ ಕಾಮಾಲೆ ಎಂದು ತಾನು ಕೇಳಿದ್ದು, ತನಗೆ ಕಾಮಾಲೆ ಇಲ್ಲವಲ್ಲ ಎಂದರು. ಅದೂ ಸರಿಯೇ. ಅಜ್ಜಿ ಸತ್ತು ಎಷ್ಟೋ ವರ್ಷವಾಗಿತ್ತು, ಆಕೆ ಮಗನಿಗೋಸ್ಕರ ದೇವರ ಹೆಸರಿನಲ್ಲಿ ಹೇಳಿದ ಸುಳ್ಳನ್ನು ಮಾವ ಅಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದರು.

ಡಾಕ್ಟ್ರಮ್ಮ ಪುನಃ ಲೋಟ ಕೈಗೆ ತೆಗೆದುಕೊಂಡರು. ಹಣ್ಣಿನಲ್ಲಿ, ಬೆಲ್ಲದಲ್ಲಿ, ಸಕ್ಕರೆಯಲ್ಲಿ, ಜೇನಿನಲ್ಲಿ ಇರುವ ಒಂದು ಬಗೆಯ ಸಿಹಿಯನ್ನು ಕರಗಿಸುವ ಶಕ್ತಿ ಕೆಲವರ ಲಿವರಿಗೆ ಹುಟ್ಟಿನಿಂದಲೇ ಇರುವುದಿಲ್ಲ, ಅದು ಅರ್ಧದಲ್ಲೇ ನಿಂತು ವಿಷದ ಹಾಗೆ ಆಗುತ್ತದೆ, ರಕ್ತದ ಗ್ಲೂಕೋಸ್ ಕುಸಿಯುತ್ತದೆ ಎಂದು ವಿವರಿಸಿದರು. ಎದೆಹಾಲಿನ ಸಿಹಿ ಬೇರೆ, ಡ್ರಿಪ್ಪಿನಲ್ಲಿರುವ ಸಿಹಿ ಬೇರೆ. ಅದಕ್ಕೇ ಆಸ್ಪತ್ರೆಯಲ್ಲಿ ಏಳುತ್ತಾಳೆ, ಮನೆಯಲ್ಲಿ ಬೀಳುತ್ತಾಳೆ. ತಂದೆ ತಾಯಿ ಇಬ್ಬರೂ ಒಂದೊಂದು ಪಾಲು ದಾಟಿಸಿದರೆ ಮಾತ್ರ ಮಗುವಿಗೆ ಬರುವಂಥದ್ದು. ನಾವು ಒಂದೇ ಅಜ್ಜಿಯ ಮೊಮ್ಮಕ್ಕಳು, ಇಬ್ಬರಲ್ಲೂ ಆ ಪಾಲು ಇರುವ ಸಂಭವ ಹೆಚ್ಚು. ಸಿಹಿ ಬಾಯಿಗೇ ಹೋಗದವರ ಹಲ್ಲು ಹುಳುಕಾಗುವುದು ಅಪರೂಪ, ಅದಕ್ಕೇ ಮಾವನ ಹಲ್ಲು ನೋಡಿದ್ದು ಎಂದರು.

“ಇದು ನನಗೆ ಪುಸ್ತಕದಲ್ಲಿ ಗೊತ್ತುಂಟು, ಕಣ್ಣಿನಲ್ಲಿ ನೋಡಿದ್ದು ಇದೇ ಮೊದಲು,” ಎಂದರು. “ನಾನು ಹೇಳುವುದು ತಪ್ಪೂ ಇರಬಹುದು. ಸಿಹಿ ನಿಲ್ಲಿಸಿದರೆ ನಷ್ಟ ಇಲ್ಲ. ನೋಡುವ.”

ಅಷ್ಟು ತಿಂಗಳು ಎಲ್ಲರೂ ಗಟ್ಟಿಯಾಗಿ ಹೇಳಿದ್ದೆಲ್ಲ ಸುಳ್ಳಾಗಿತ್ತು. ತಪ್ಪೂ ಇರಬಹುದು ಎಂದವರನ್ನು ನಾನು ನಂಬಿದೆ.

ನಂಬದೆ ಇದ್ದವರು ಅತ್ತೆ. ಸಿಹಿ ಮುಟ್ಟಿಸದೆ ಮಗು ಸಾಕುವುದು ಎಂದರೆ ಅವರಿಗೆ ಮಗುವನ್ನು ಹಸಿವಿನಲ್ಲಿ ಕೊಂದ ಹಾಗೆ. ನಾನು ಸ್ನಾನಕ್ಕೆ ಹೋದಾಗ ಎಲ್ಲಿ ಒಂದು ಚಿಟಿಕೆ ಸಕ್ಕರೆ ನೆಕ್ಕಿಸಿಬಿಡುತ್ತಾರೋ ಎಂದು ಬಾಗಿಲು ಅರ್ಧ ತೆರೆದಿಟ್ಟು ಸ್ನಾನ ಮಾಡಿದೆ. ಈ ಸುದ್ದಿ ಕೇಳಿ ಡಾಕ್ಟ್ರಮ್ಮ ಒಂದು ಸಂಜೆ ಕ್ಲಿನಿಕ್ ಮುಚ್ಚಿ ರಿಕ್ಷಾ ಮಾಡಿಕೊಂಡು ನಮ್ಮ ಮನೆಗೇ ಬಂದರು. ಬಂದವರು ಚಾವಡಿಯಲ್ಲಿ ಕೂರದೆ ನೇರ ಅಡಿಗೆಮನೆಗೆ. ಮಗುವಿನ ಮದ್ದುಗಳನ್ನೆಲ್ಲ ತರಿಸಿದರು. ಜ್ವರದ್ದು, ಕೆಮ್ಮಿನದ್ದು, ಹಸಿವಿನದ್ದು, ಲಿವರಿನದ್ದು. ಒಂದೊಂದೇ ಬಾಟಲಿಯ ಮುಚ್ಚಳಕ್ಕೆ ಒಂದೊಂದು ಹನಿ ಬಿಟ್ಟು ನೆಕ್ಕಿ ನೋಡುತ್ತ ಹೋದರು, ಪಕ್ಕದಲ್ಲಿ ನಿಂತ ಅತ್ತೆಯ ನಾಲಗೆಗೂ ಮುಟ್ಟಿಸಿದರು. ಎಲ್ಲವೂ ಸಿಹಿ. ಗುಣವಾಗಲೆಂದು ನಾವು ಕೊಟ್ಟದ್ದರಲ್ಲೂ ಅದೇ ಇತ್ತು. ಅತ್ತೆ ಗೋಡೆಗೆ ಒರಗಿ ಅಲ್ಲೇ ಕುಸಿದು ಕೂತರು. ತನ್ನ ಕೈಯಾರೆ, ತನ್ನ ಕೈಯಾರೆ ಎಂದು ಅಷ್ಟೇ ಹೇಳುತ್ತಿದ್ದರು.

ಡಾಕ್ಟ್ರಮ್ಮ ಮೊಣಕಾಲು ಹಿಡಿದುಕೊಂಡು ಕಷ್ಟದಲ್ಲಿ ಅವರ ಪಕ್ಕ ನೆಲದಲ್ಲೇ ಕೂತರು. ಸಮಾಧಾನದ ದೊಡ್ಡ ಮಾತು ಆಡಲಿಲ್ಲ. ಊರಿನಲ್ಲಿ ಎಲ್ಲರೂ ಮಕ್ಕಳಿಗೆ ಕೊಡುವುದನ್ನೇ ನೀವು ಕೊಟ್ಟದ್ದು, ನಾನು ಅಜ್ಜಿಯಾಗಿದ್ದರೆ ನಾನೂ ಅದನ್ನೇ ಕೊಡುತ್ತಿದ್ದೆ ಎಂದರು. ಮತ್ತೆ, ಗಂಜಿ ಮಾಡಲು ಬರುತ್ತದಲ್ಲ, ಉಪ್ಪು ಹಾಕಿ ತೆಳ್ಳಗೆ ಮಾಡಿ, ತುಪ್ಪ ಬಿಡಿ, ಇನ್ನು ಇವಳ ಅನ್ನ ನಿಮ್ಮ ಜವಾಬ್ದಾರಿ ಎಂದು ಹೇಳಿ ಎದ್ದರು. ಏಳಲು ಆಗದೆ ನನ್ನ ಕೈ ಹಿಡಿದುಕೊಂಡರು. ಆ ದಿನದಿಂದ ಪುಟ್ಟಿಯ ಬಾಯಿಗೆ ಏನು ಹೋಗುತ್ತದೆ ಎಂಬುದಕ್ಕೆ ನನಗಿಂತ ಅತ್ತೆಯೇ ಕಟ್ಟುನಿಟ್ಟು. ಗಂಜಿ, ಹಾಲು, ಮೀನು, ಮೊಟ್ಟೆ, ಸೊಪ್ಪು. ಬಾಳೆಹಣ್ಣಿನ ವ್ಯಾಪಾರಿಯ ಮನೆಗೆ ಬಾಳೆಹಣ್ಣು ಬರುವುದು ನಿಂತಿತು. ಗಂಡ ಯಾರ್ಡಿನಿಂದ ಬಂದು ಬಾವಿಕಟ್ಟೆಯಲ್ಲಿ ಕೈ ತೊಳೆದು ಮತ್ತೆ ಮಗುವನ್ನು ಮುಟ್ಟುತ್ತಿದ್ದ.

ಕೆಲವು ದಿನಕ್ಕೆ ವಾಂತಿ ನಿಂತಿತು. ಕಣ್ಣಿನ ಹಳದಿ ಇಳಿಯಿತು. ಆದರೂ ಡಾಕ್ಟ್ರಮ್ಮ ಬಿಡಲಿಲ್ಲ, ಊಹೆಯ ಮೇಲೆ ಒಂದು ಜೀವಮಾನದ ಪಥ್ಯ ಹೇಳಬಾರದು ಎಂದು ನಮ್ಮನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ವಂಶವಾಹಿಯ ಪರೀಕ್ಷೆಗೆ ರಕ್ತ ಕೊಡಿಸಿದರು. ಅಲ್ಲಿನ ದೊಡ್ಡ ಡಾಕ್ಟರುಗಳು ಅವರನ್ನು ಕಂಡು ಎದ್ದು ನಿಂತರು. ಕಲಿಯುವ ಮಕ್ಕಳು ಮಂಚದ ಸುತ್ತ ಕವಿದು ರಿಪೋರ್ಟಿಗೆ ಕೈ ಹಾಕಿದಾಗ ಇವರು ಅದನ್ನು ತೆಗೆದು ತನ್ನ ಚೀಲದ ಕೆಳಗೆ ಇಟ್ಟುಕೊಂಡು, ಮೊದಲು ತಾಯಿಯನ್ನು ಕೇಳಿ, ನಿನ್ನೆ ಬೆಳಿಗ್ಗೆಯಿಂದ ಹೇಳಲು ಹೇಳಿ ಎಂದರು. ಎಲ್ಲಿಂದಲೋ ಬಂದ ಹುಡುಗಿಯೊಬ್ಬಳು ಹರಕುಮುರುಕು ಕನ್ನಡದಲ್ಲಿ ಕೇಳಿದಳು. ನಾನು ಪುನಃ ಎಲ್ಲ ಹೇಳಿದೆ. ಇವರು ಕಿಟಕಿಯ ಬದಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು.

ಫಲಿತಾಂಶ ಬರುವುದಕ್ಕೆ ವಾರಗಳು ಹಿಡಿದವು. ಬಂದ ದಿನ ಅವರೇ ಫೋನ್ ಮಾಡಿದರು. ಹೆರೆಡಿಟರಿ ಫ್ರಕ್ಟೋಸ್ ಇಂಟಾಲರೆನ್ಸ್ ಎಂದು ಹೆಸರು ಹೇಳಿ, ನಾನು ಹೇಳಿದ್ದೇ ಹೌದು ಎಂದರು. ಸಂತೋಷವೂ ಇಲ್ಲ, ಹೆಮ್ಮೆಯೂ ಇಲ್ಲ. ಮದ್ದು ಎಂತ ಎಂದು ಕೇಳಿದೆ. ಮದ್ದಿಲ್ಲ, ಬಿಡುವುದೇ ಮದ್ದು, ಸಾಯುವವರೆಗೆ ಎಂದರು. ಫೋನ್ ಇಟ್ಟು ನಾನು ಬಾಗಿಲ ಮೆಟ್ಟಿಲಲ್ಲಿ ಕೂತು, ಸೀಯಾಳದ ದಿನ ಅಳದೆ ಬಿಟ್ಟದ್ದನ್ನೆಲ್ಲ ಅವತ್ತು ಅತ್ತುಬಿಟ್ಟೆ.

ಆಮೇಲೆ ಅವರಿಗೆ ನನ್ನ ಮೇಲೆ ಒಂದು ಸಲಿಗೆ ಬಂತು. ಯಾವುದಾದರೂ ಮಗುವಿನ ತಾಯಿ ಹೆದರಿ ಬಾಯಿ ಬಿಡದೆ ಇದ್ದರೆ ನನಗೆ ಫೋನ್, ಸ್ವಲ್ಪ ಬಂದು ಕೂರುತ್ತೀಯಾ ಎಂದು. ಹಾಗೆ ಒಂದು ಸಲ ಬಾಗಲಕೋಟೆ ಕಡೆಯವಳು ಒಬ್ಬಳು ಬಂದಿದ್ದಳು. ಗಂಡ ಹೆಂಡತಿ ಇಬ್ಬರೂ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಕೂಸಿಗೆ ವಾಂತಿ, ಸುಸ್ತು, ಮೈಯಿಂದ ಒಂದು ಬಗೆಯ ವಾಸನೆ. “ಹಾಲು ಕುಡಿದ್ರೂ ಹಿಂಗ ಆಗ್ತೈತ್ರಿ ಅಕ್ಕಾರ, ನಂದೇನರ ತಪ್ಪೈತೇನ್ರಿ?” ಎಂದು ಆಕೆ ನನ್ನನ್ನೇ ಡಾಕ್ಟ್ರೆಂದು ತಿಳಿದು ಕೇಳಿದಳು. ನನಗೆ ಮನಸ್ಸಿನಲ್ಲಿ ಒಂದು ಧೈರ್ಯ, ಈ ನಮ್ಮ ಡಾಕ್ಟ್ರಮ್ಮ ಕಣ್ಣು ಮುಚ್ಚಿ ಕೇಳುತ್ತಾರೆ, ಕಂಡುಹಿಡಿಯುತ್ತಾರೆ ಎಂದು. ಅವರು ಕೇಳಿದರು, ಮತ್ತೆ ಮತ್ತೆ ಕೇಳಿದರು. ಇದು ಅದಲ್ಲ, ಅದೇ ಜಾತಿಯ ಬೇರೇನೋ, ತಡಮಾಡಬಾರದು ಎಂದು ಕೂಡಲೇ ಮಣಿಪಾಲಕ್ಕೆ ಕಳಿಸಿದರು. ಅಲ್ಲಿಯೂ ರಕ್ತ ತೆಗೆದು ದೂರಕ್ಕೆ ಕಳಿಸಿದರು. ಉತ್ತರ ಬರುವ ಮೊದಲೇ ಕೂಸು ಹೋಯಿತು.

ಸುದ್ದಿ ಬಂದಾಗ ನಾನು ಕ್ಲಿನಿಕ್ಕಿನಲ್ಲೇ ಇದ್ದೆ. ಡಾಕ್ಟ್ರಮ್ಮ ಲೋಟ ಹಿಡಿದುಕೊಂಡು ಕೂತಿದ್ದರು, ನೀರು ಆರಿಹೋಗಿತ್ತು, ಬದಲಾಯಿಸಲು ಬಂದ ಹೆಂಗಸಿಗೆ ಬೇಡವೆಂದು ಕೈ ಮಾಡಿದರು. ಹೆಚ್ಚಿನವು ಗೊತ್ತಾಗುವುದೇ ಇಲ್ಲ ಮಾರಾಯ್ತಿ ಎಂದರು. ಜನ ನಿನ್ನ ಮಗಳ ಕತೆ ಹೇಳುತ್ತಾರೆ, ಅದು ಒಂದು. ಗೊತ್ತಾಗದೆ ಮಣ್ಣಿಗೆ ಹೋದ ಮಕ್ಕಳ ಕತೆ ಯಾರು ಹೇಳುತ್ತಾರೆ ಎಂದರು. ಆ ತಾಯಿಗೆ ಅವಳ ತಪ್ಪು ಏನೂ ಇರಲಿಲ್ಲ ಎಂದು ಯಾರಾದರೂ ಹೇಳಿದರಾ ಎಂದು ಕೇಳಿದರು. ಅವರು ಬಳೆ ಹಾಕಿಕೊಂಡು, ಹೊರಗೆ ಬೆಂಚಿನಲ್ಲಿದ್ದವರಿಗೆ ನಾಳೆ ಬನ್ನಿ ಎಂದು ಹೇಳಿಸಿ, ಆಕೆ ಇದ್ದ ಶೆಡ್ಡು ಹುಡುಕಿಕೊಂಡು ಮಣಿಪಾಲಕ್ಕೆ ಹೋದರು. ನಾನೂ ಜೊತೆಗೆ ಹೋದೆ. ಹೋಗುವಷ್ಟರಲ್ಲಿ ಗಂಡ ಹೆಂಡತಿ ಊರಿನ ಬಸ್ಸು ಹತ್ತಿಯಾಗಿತ್ತು.

ಪುಟ್ಟಿ ಬೆಳೆದಳು. ಬೆಳೆಸುವುದು ಎಂದರೆ ಕಾಯುವುದು ಎಂದು ನನಗೆ ಗೊತ್ತಾದದ್ದು ಆಗಲೇ. ಶಾಲೆಯಲ್ಲಿ ಹುಟ್ಟುಹಬ್ಬದ ಚಾಕಲೇಟು, ನೆಂಟರ ಮನೆಯ ಜ್ಯೂಸು, ಜ್ವರ ಬಂದರೆ ಸಿರಪ್ ಬೇಡ ಮಾತ್ರೆ ಪುಡಿ ಮಾಡಿ ಎಂದು ಅಂಗಡಿಯವನ ಹತ್ತಿರ ಜಗಳ. ದೇವರ ಪ್ರಸಾದವನ್ನು ಬೇಡ ಎಂದರೆ ಹಿರಿಯರಿಗೆ ಸಿಟ್ಟು. ಒಂದು ಚೂರಿಗೆ ಎಂತ ಆಗುತ್ತದೆ, ನಂಬಿಕೆ ಬೇಕು ಎನ್ನುವವರು. ನಾನು ಹೋದಲ್ಲೆಲ್ಲ ಲಿವರಿನ ಪಾಠ ಹೇಳಿ ಹೇಳಿ ಬೇಸತ್ತು ಒಂದು ದಿನ ಡಾಕ್ಟ್ರಮ್ಮನಲ್ಲಿ ದೂರಿಕೊಂಡೆ. ಅವರು ಪುಟ್ಟಿಯನ್ನು ಹತ್ತಿರ ಕರೆದು, ಬಡಿಸಲು ಬಂದರೆ ಎಲೆಗೆ ಎರಡೂ ಕೈ ಅಡ್ಡ ಹಿಡಿಯಲು ಕಲಿಸಿದರು.

“ಹರಕೆ ಉಂಟು ಅಂತ ಹೇಳು,” ಎಂದರು. “ನಿನ್ನ ಮುತ್ತಜ್ಜಿಗೆ ಗೊತ್ತಿತ್ತು. ಕಾಯಿಲೆ ಅಂದರೆ ಚರ್ಚೆ ಮಾಡುತ್ತಾರೆ, ಹರಕೆ ಅಂದರೆ ಬಿಡುತ್ತಾರೆ.”

ಮಣಿಪಾಲದಲ್ಲಿ ಅಷ್ಟು ಓದಿಸಿದವರು ಹೀಗೆ ಹೇಳುವುದಾ ಎಂದು ನಾನು ತಮಾಷೆ ಮಾಡಿದೆ. ಈಗ ತನಗೆ ಎಲ್ಲರಿಗೂ ಪಾಠ ಹೇಳುವಷ್ಟು ಉಸಿರಿಲ್ಲ, ಮಗು ಬದುಕಿದರೆ ಸಾಕು ಎಂದರು. ಹಾಗೆ ನಮ್ಮ ಮನೆಯಲ್ಲಿ ಹರಕೆಯವರು ಇಬ್ಬರಾದರು. ಮದುವೆ ಊಟಗಳಲ್ಲಿ ಎಲ್ಲೂರಿನ ಮಾವ ಮತ್ತು ಪುಟ್ಟಿ ಅಕ್ಕಪಕ್ಕ ಕೂತು, ಪಾಯಸದ ಪಾತ್ರೆ ದೂರದಲ್ಲಿ ಕಂಡ ಕೂಡಲೇ ಒಟ್ಟಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಕಳೆದ ವರ್ಷ ಡಾಕ್ಟ್ರಮ್ಮ ಹಾಸಿಗೆ ಹಿಡಿದರು. ಉಸಿರಿನದೇ ತೊಂದರೆ, ಕ್ಲಿನಿಕ್ ಮುಚ್ಚಿ ತಿಂಗಳುಗಳಾಗಿದ್ದವು. ಪುಟ್ಟಿಯನ್ನು ಕರೆದುಕೊಂಡು ತಮ್ಮನ ಮನೆಗೆ ನೋಡಲು ಹೋದೆ. ಹೊದಿಕೆಯ ಹೊರಗೆ ಆ ಉದ್ದ ಬೆರಳುಗಳು ಮಾತ್ರ ಮೊದಲಿನ ಹಾಗೆ ಇದ್ದವು. ಪುಟ್ಟಿ ಮುಟ್ಟಿ ನೋಡಿ, ಅಮ್ಮಾ ತಣ್ಣಗುಂಟು ಎಂದಳು. ಅವಳೇ ಅಡಿಗೆಮನೆಗೆ ಹೋಗಿ ಕೇಳಿ ಸ್ಟೀಲ್ ಲೋಟದಲ್ಲಿ ಬಿಸಿನೀರು ತಂದು, ಅವರ ಎರಡೂ ಕೈಗಳ ನಡುವೆ ಇಟ್ಟು, ಚೆಲ್ಲದ ಹಾಗೆ ಹೊರಗಿನಿಂದ ತಾನು ಹಿಡಿದುಕೊಂಡಳು. ಡಾಕ್ಟ್ರಮ್ಮ ಅವಳನ್ನು ನೋಡಿದರು. ಮತ್ತೆ ಕಣ್ಣು ಮುಚ್ಚಿದರು.

“ನಿನ್ನೆ ಬೆಳಿಗ್ಗೆ ಎದ್ದಲ್ಲಿಂದ ಹೇಳು.”

ಪುಟ್ಟಿ ಹೇಳಿದಳು. ಎದ್ದದ್ದು, ಗಂಜಿ ಉಂಡದ್ದು, ಶಾಲೆಯ ವ್ಯಾನು ತಡವಾದದ್ದು, ಕಬಡ್ಡಿಯಲ್ಲಿ ಮೊಣಕಾಲು ತರಚಿದ್ದು, ಅಜ್ಜಿಯ ಹತ್ತಿರ ಬೈಗುಳ ತಿಂದದ್ದು. ಒಂದನ್ನೂ ಹಾರಿಸಲಿಲ್ಲ. ಕತೆ ಸಂಜೆಗೆ ಬರುವಷ್ಟರಲ್ಲಿ ಅವರಿಗೆ ನಿಜವಾಗಿಯೂ ನಿದ್ದೆ ಹತ್ತಿತ್ತು. ನಾವು ಲೋಟವನ್ನು ಮೆಲ್ಲ ತೆಗೆದಿಟ್ಟು ಬಂದೆವು. ಮುಂದಿನ ವಾರ ಅವರು ಹೋದರೆಂದು ಫೋನ್ ಬಂತು.

ಉಡುಪಿಯ ಒಂದು ಸಭಾಭವನದಲ್ಲಿ ವೈಕುಂಠ ಸಮಾರಾಧನೆಯ ಊಟ. ಅವರು ನೋಡಿದ ಮಕ್ಕಳೇ ದೊಡ್ಡವರಾಗಿ, ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಅಂಥ ಊಟಗಳಲ್ಲಿ ಪುಟ್ಟಿಗೆ ಅನ್ನ, ತುಪ್ಪ, ಮಜ್ಜಿಗೆ ಅಷ್ಟೇ. ನಮ್ಮ ಕಡೆಯ ಸಾರಿಗೂ ಬೆಲ್ಲ ಬೀಳುತ್ತದಲ್ಲ. ಪಾಯಸ ಬಡಿಸುತ್ತ ಬಂದವನು ಡಾಕ್ಟ್ರಮ್ಮನ ತಮ್ಮನ ಮಗ, ಊರಿನಲ್ಲಿ ಇಲ್ಲದವನು, ಅವನಿಗೆ ನಮ್ಮ ಪರಿಚಯವಿಲ್ಲ. ಪುಟ್ಟಿ ಎಲೆಗೆ ಎರಡೂ ಕೈ ಅಡ್ಡ ಹಿಡಿದಳು. ಇದು ಡಾಕ್ಟ್ರಮ್ಮನ ಹೆಸರಿನ ಊಟ, ಬೇಡ ಅನ್ನಬಾರದು, ಒಂದು ಸೌಟು ಎಂದು ಅವನು ನಿಂತೇ ಇದ್ದ. ಅಳುವುದಕ್ಕೆ ತಯಾರಾಗಿದ್ದ ಮುಖ, ಪಾಪ. ನಾನು ಎಂದಿನ ಹಾಗೆ ಹರಕೆಯ ಮಾತು ತೆಗೆಯಲು ಬಾಯಿ ತೆರೆದೆ. ಪುಟ್ಟಿ ನನಗಿಂತ ಮೊದಲು ಹೇಳಿದಳು.

“ನನಗೆ ಸಿಹಿ ಆಗುವುದಿಲ್ಲ ಅಣ್ಣ. ಹುಟ್ಟಿನಿಂದ ಬಂದ ಕಾಯಿಲೆ. ಕಂಡುಹಿಡಿದದ್ದು ಇವರೇ.”

ಅವನು ಗೋಡೆಗೆ ಒರಗಿಸಿಟ್ಟ ಡಾಕ್ಟ್ರಮ್ಮನ ಫೋಟೋದ ಕಡೆ ನೋಡಿದ, ಪುಟ್ಟಿಯನ್ನು ನೋಡಿದ. ಪಾಯಸದ ಪಾತ್ರೆಯನ್ನು ಹಿಂದಿನವನ ಕೈಗೆ ಕೊಟ್ಟು ಒಳಗೆ ಹೋಗಿ, ಬಿಸಿ ಅನ್ನ ಮತ್ತು ತುಪ್ಪದ ತಂಬಿಗೆ ತಂದು ಅವಳ ಎಲೆಯ ಮುಂದೆ ಬಗ್ಗಿದ. ಪುಟ್ಟಿ ಕೈ ತೆಗೆದಳು. ಸಾಕು ಎನ್ನುವವರೆಗೆ ಬಡಿಸಿದ, ಅವಳು ಹೊಟ್ಟೆ ತುಂಬ ಉಂಡಳು.